ಮಾರಿಗನ್ ಬಿಟ್ಟು ಹೋಗಲಿ ಬಿಡಿ

ಮಾರಿಗನ್ ಕೊನೆಗೆ ಬಿಟ್ಟು ಹೋಗುತ್ತಾಳೆ. ನೀವು ಏನೇ ಮಾಡಿ, ಹೋಗೇ ಹೋಗುತ್ತಾಳೆ. ಆಟಗಾರರು ಪ್ರೀತಿಸಬಹುದಾದ ಈ ಸಂಗಾತಿ ಇರುವ ವಿಡಿಯೋ ಗೇಮ್ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಬಂದಿದ್ದು 2009ರಲ್ಲಿ. ಇಷ್ಟು ವರ್ಷವಾದರೂ ಈ ವಿಷಯಕ್ಕೆ ಸಿಟ್ಟು ಇಳಿಯದವರು ಇದ್ದಾರೆ. ಅವರಲ್ಲೊಬ್ಬ ನನ್ನ ಆಪ್ತ ಗೆಳೆಯ. ಅವನ ವಾದ ಹೀಗೆ: “ಕಂಡ ಕಂಡ ಒಡವೆ ತಂದುಕೊಟ್ಟೆ. ಅವಳಿಗೋಸ್ಕರ ಅವಳ ಅಮ್ಮನ ಜೊತೆಗೇ ಹೊಡೆದಾಡಿದೆ. ಕ್ಯಾಂಪಿನಲ್ಲಿ ಅವಳ ಕೊಂಕು ಮಾತೆಲ್ಲ ನುಂಗಿಕೊಂಡೆ. ಇಷ್ಟಾದಮೇಲೂ ಬದಲಾಗಲಿಲ್ಲ ಅಂದ್ರೆ ಪ್ರೀತಿಸಿ ಏನು ಬಂತು?”

ನನಗೆ ಆ ಗೇಮ್‌ನಲ್ಲಿ ತುಂಬಾ ಇಷ್ಟವಾದ ಸಂಗತಿಯೇ ಅದು. ಅವಳು ಪ್ರೀತಿಸುತ್ತಾಳೆ. ಆದರೂ ಹೋಗುತ್ತಾಳೆ.

(ಮುಂದೆ ಹಲವು ಗೇಮ್‌ಗಳ ಗುಟ್ಟು ಹೊರಗೆ ಬರುತ್ತದೆ. ಹೆಚ್ಚಿನವು ಹಳೆಯವು. ‘ಬಾಲ್ಡರ್ಸ್ ಗೇಟ್ 3’ ಇನ್ನೂ ಮುಗಿಸಿಲ್ಲ ಅನ್ನುವವರು ಮಾತ್ರ ಈಗಲೇ ಎದ್ದು ಹೋಗಿ.)

ಒಳ್ಳೆಯವಳು ಅನ್ನಲು ಆಗದ, ಕೆಟ್ಟವಳು ಅಂತ ತಳ್ಳಿಹಾಕಲೂ ಆಗದ ನಾಯಕಿ ಬಂದಾಗೆಲ್ಲ ಇದೇ ಪ್ರಶ್ನೆ ಏಳುತ್ತದೆ. ಪ್ರೀತಿಯಲ್ಲಿ ಬಿದ್ದರೆ ಅವಳು ಮೆತ್ತಗಾಗಬೇಕಾ? ಮೆತ್ತಗಾಗುವುದಕ್ಕೆ ನನ್ನ ತಕರಾರಿಲ್ಲ. ಮನುಷ್ಯರು ಬದಲಾಗುತ್ತಾರೆ, ಜೊತೆಗಿರುವವರಿಂದಲೇ ಜಾಸ್ತಿ ಬದಲಾಗುತ್ತಾರೆ. ನನ್ನ ತಕರಾರು ಒಂದೇ: ಅವಳ ಬದಲಾವಣೆ ನನಗೆ ಸಿಕ್ಕ ಬಹುಮಾನ ಆಗಬಾರದು.

ಗೇಮ್‌ನಲ್ಲಿ ಈ ಅಪಾಯ ಬೇರೆಲ್ಲ ಕಡೆಗಿಂತ ಜಾಸ್ತಿ. ಕಾದಂಬರಿಯಲ್ಲಿ ಇಬ್ಬರು ಪ್ರೀತಿಸಿದರೆ ನಾವು ಸುಮ್ನೆ ನೋಡುವವರು. ಇಲ್ಲಿ ಹಾಗಲ್ಲ. ಮೂರು ನಾಲ್ಕು ಉತ್ತರ ಎದುರಿಗಿರುತ್ತವೆ, ಒಂದನ್ನು ಒತ್ತಬೇಕು. ‘ಒರಿಜಿನ್ಸ್’ನಲ್ಲಿ ಪ್ರತಿ ಸಂಗಾತಿಗೂ ಮೈನಸ್ 100ರಿಂದ ಪ್ಲಸ್ 100ರವರೆಗಿನ ಅಪ್ರೂವಲ್ ಪಟ್ಟಿ, ಅಂದರೆ ನಮ್ಮ ಮೇಲಿನ ಮೆಚ್ಚುಗೆ ತೋರಿಸುವ ಅಳತೆಪಟ್ಟಿ ಇದೆ. ಮಾತು ಸರಿಹೋದರೆ ಏರುತ್ತದೆ. ಉಡುಗೊರೆ ಕೊಟ್ಟರೂ ಏರುತ್ತದೆ. ಮಾರಿಗನ್‌ಗೆ ಆಭರಣ ಇಷ್ಟ. ಒಂದು ಸರ ಕೊಡಿ, ಒಂದು ಪಿನ್ ಕೊಡಿ, ಪಟ್ಟಿ ಮೇಲಕ್ಕೆ. ಇಎಂಐ ಕಟ್ಟಿದ ಹಾಗೆ. ಕಂತು ಮುಗಿದಮೇಲೆ ಮಾಲು ನಮ್ಮದು ಅನ್ನುವ ಭಾವನೆ ತಾನಾಗಿ ಬರುತ್ತದೆ. ನನ್ನ ಗೆಳೆಯನ ಸಿಟ್ಟು ಅಂಥದ್ದೇ. ಕಂತು ಪೂರ್ತಿ ಕಟ್ಟಿದ್ದಾನೆ, ಡೆಲಿವರಿ ಆಗಿಲ್ಲ.

ಈ ಯಂತ್ರದ ಒಳಗೇ ಕೂತು ಯಂತ್ರವನ್ನು ಗೇಲಿ ಮಾಡಿದ ಪಾತ್ರ ಮಾರಿಗನ್. ಅವಳನ್ನು ಬರೆದವರು ಡೇವಿಡ್ ಗೈಡರ್, ದನಿ ಕೊಟ್ಟವರು ಕ್ಲಾಡಿಯಾ ಬ್ಲ್ಯಾಕ್. ಕೊರ್ಕಾರಿ ಕಾಡಿನಲ್ಲಿ ಫ್ಲೆಮೆತ್ ಎಂಬ ಮಾಟಗಾತಿಯ ಮಗಳಾಗಿ ಬೆಳೆದವಳು. ಯಾರಿಗಾದರೂ ಪುಕ್ಕಟೆ ಸಹಾಯ ಮಾಡಿದರೆ ಮುಖ ಸಿಂಡರಿಸುತ್ತಾಳೆ. ರೆಡ್‌ಕ್ಲಿಫ್ ಹಳ್ಳಿಯನ್ನು ಹೆಣಗಳ ದಾಳಿಯಿಂದ ಕಾಪಾಡುತ್ತೇನೆ ಅಂದರೆ ಅವಳಿಗೆ ಬೇಜಾರು. ನಮಗೇನು ಲಾಭ ಅನ್ನುವುದು ಅವಳ ಮೊದಲ ಪ್ರಶ್ನೆ, ಎಷ್ಟೋ ಸಲ ಕೊನೆಯ ಪ್ರಶ್ನೆಯೂ ಅದೇ.

ಅವಳ ಜೊತೆ ರೊಮ್ಯಾನ್ಸ್ ಮಾಡಬೇಕೆಂದರೆ ನಮ್ಮ ವಾರ್ಡನ್, ಅಂದರೆ ನಾವು ಆಡುವ ಮುಖ್ಯ ಪಾತ್ರ, ಗಂಡಾಗಿರಲೇಬೇಕು. ನಾನು ಹೆಣ್ಣು, ಸಾಮಾನ್ಯವಾಗಿ ಹೆಣ್ಣು ಪಾತ್ರವನ್ನೇ ಆಡುವವಳು. ಇವಳಿಗಾಗಿ ಗಡ್ಡದವನೊಬ್ಬನನ್ನು ಮಾಡಿಕೊಂಡೆ.

ಕ್ಯಾಂಪಿನಲ್ಲಿ ಮಾತಾಡುತ್ತಾ ಹೋದರೆ ಅವಳು ಬಾಲ್ಯದ ಒಂದು ಕಥೆ ಹೇಳುತ್ತಾಳೆ. ಚಿಕ್ಕವಳಿದ್ದಾಗ ಕಾಡಿನಿಂದ ಕದ್ದು ಹೊರಗೆ ಬಂದಿದ್ದಳು. ಸಿರಿವಂತ ಹೆಂಗಸೊಬ್ಬಳ ಗಾಡಿಯಿಂದ ಚಿನ್ನದ ಕೈಗನ್ನಡಿ ಕದ್ದಳು. ಕುಣಿಯುತ್ತಾ ಮನೆಗೆ ತಂದರೆ ಫ್ಲೆಮೆತ್ ಅದನ್ನು ನೆಲಕ್ಕೆ ಅಪ್ಪಳಿಸಿ ಚೂರುಚೂರು ಮಾಡಿದಳು. ಚೆಂದ, ಪ್ರೀತಿ ಎಲ್ಲ ನಿಲ್ಲುವಂಥವಲ್ಲ, ಬದುಕಿ ಉಳಿಯುವುದು ಮತ್ತು ಶಕ್ತಿ ಇವೆರಡೇ ನಿಜ ಎಂಬ ಪಾಠ. ಈ ಕಥೆ ಹೇಳುವಾಗ ಅವಳ ದನಿಯಲ್ಲಿ ಅಳು ಇಲ್ಲ. ಅಮ್ಮ ಮಾಡಿದ್ದೇ ಸರಿ ಅನ್ನುವ ಧಾಟಿ.

ಆಮೇಲೆ ಓರ್ಝಮ್ಮರ್ ಎಂಬ ನಗರದ ಅಂಗಡಿಯಲ್ಲಿ ಅಂಥದ್ದೇ ಕನ್ನಡಿ ಮಾರಾಟಕ್ಕಿರುತ್ತದೆ. ಕೊಂಡು ಕೊಡಬಹುದು. ಬೇರೆ ಕಥೆಯಾಗಿದ್ದರೆ ಇಲ್ಲಿ ಹುಡುಗಿ ಕರಗಿ ನೀರಾಗುವ ದೃಶ್ಯ. ಮಾರಿಗನ್ ಮೊದಲು ಬೆರಗಾಗುತ್ತಾಳೆ. ನಂತರ ಕೇಳುತ್ತಾಳೆ: ಇದಕ್ಕೆ ಪ್ರತಿಯಾಗಿ ನಿನಗೆ ಏನೋ ಬೇಕಿರಬೇಕಲ್ಲ? ಬೆಲೆ ಇಲ್ಲದ ಉಡುಗೊರೆ ಅವಳಿಗೆ ಅಲ್ಲಿಯವರೆಗೂ ಸಿಕ್ಕಿಲ್ಲ. ಅವಳ ಅನುಮಾನ ತಪ್ಪೂ ಅಲ್ಲ ಅನ್ನುವುದು ಇಲ್ಲಿರುವ ತಮಾಷೆ. ನಮ್ಮಲ್ಲಿ ಮುಕ್ಕಾಲು ಪಾಲು ಜನ ಆ ಕನ್ನಡಿ ಕೊಟ್ಟಿದ್ದು ಪಟ್ಟಿ ಏರಲಿ ಅಂತಲೇ ಅಲ್ವಾ? ನಾನೂ ಕೊಡುವ ಮುಂಚೆ ಸೇವ್ ಮಾಡಿಕೊಂಡಿದ್ದೆ.

ಪಟ್ಟಿ ತುದಿ ಮುಟ್ಟಿದಾಗ ಆಗುವುದು ಇನ್ನೂ ಚೆನ್ನಾಗಿದೆ. ಅಲ್ಲಿಯವರೆಗೆ ಯಾವ ಸಂಕೋಚವೂ ಇಲ್ಲದೆ ಡೇರೆಗೆ ಕರೆಯುತ್ತಿದ್ದವಳು ಬರುವುದನ್ನೇ ನಿಲ್ಲಿಸುತ್ತಾಳೆ. ಪ್ರೀತಿ ಬಲಹೀನತೆ ಎಂದು ಕಲಿತು ಬೆಳೆದವಳು. ಅದು ತನ್ನೊಳಗೇ ಬಂದು ಕೂತಿದೆ ಎಂದು ಗೊತ್ತಾದಾಗ ಹೆದರಿ ಹಿಂದೆ ಸರಿಯುತ್ತಾಳೆ. ನಾವು ಗೆದ್ದೆವು ಅಂದುಕೊಳ್ಳುವ ಹೊತ್ತಿಗೆ ಕೈಯಲ್ಲಿದ್ದದ್ದೂ ಹೋಯಿತು! ಇದನ್ನು ಮೆತ್ತಗಾಗುವುದು ಅನ್ನೋಣವಾ, ಗಡುಸಾಗುವುದು ಅನ್ನೋಣವಾ? ನನ್ನ ಪ್ರಕಾರ ಎರಡೂ ಒಟ್ಟಿಗೇ ನಡೆಯುತ್ತಿವೆ. ಪ್ರೀತಿ ಅವಳ ಕಾಯಿಲೆಗೆ ಮದ್ದಾಗಿ ಬರಲಿಲ್ಲ. ಹೊಸ ತಲೆನೋವಾಗಿ ಬಂತು. ಅದಕ್ಕೇ ಆ ಭಾಗವನ್ನು ನಾನು ನಂಬುತ್ತೇನೆ.

ಕೊನೆಯ ಯುದ್ಧದ ಹಿಂದಿನ ರಾತ್ರಿ ಅವಳ ನಿಜವಾದ ಲೆಕ್ಕಾಚಾರ ಬಯಲಾಗುತ್ತದೆ. ಆರ್ಚ್‌ಡೀಮನ್ ಎಂಬ ಡ್ರ್ಯಾಗನ್‌ಗೆ ಕೊನೆಯ ಏಟು ಕೊಡುವ ವಾರ್ಡನ್ ಸಾಯಲೇಬೇಕು. ಅದನ್ನು ತಪ್ಪಿಸುವ ದಾರಿ ಅವಳ ಬಳಿ ಇದೆ. ಒಂದು ಮಾಂತ್ರಿಕ ವಿಧಿ, ಅದರಿಂದ ಹುಟ್ಟುವ ಮಗು, ಆ ಮಗುವಿನೊಳಗೆ ಹಳೆಯ ದೇವರ ಆತ್ಮ. ಅವಳು ನಮ್ಮ ಜೊತೆ ಬಂದಿದ್ದೇ ಇದಕ್ಕಾಗಿ. ನಮ್ಮನ್ನು ಪ್ರೀತಿಸುತ್ತಾಳೆ, ಯೋಜನೆಯನ್ನೂ ಬಿಟ್ಟಿಲ್ಲ. ಆಗುವುದಿಲ್ಲ ಅಂದರೆ ಅದೇ ರಾತ್ರಿ ಹೊರಟು ಹೋಗುತ್ತಾಳೆ. ಒಪ್ಪಿದರೆ ಯುದ್ಧ ಮುಗಿದ ಮೇಲೆ ಹೋಗುತ್ತಾಳೆ. ಪ್ರೀತಿ ಅವಳ ಗುರಿಯನ್ನು ಅಳಿಸಲಿಲ್ಲ. ಗುರಿಯ ಪಕ್ಕದಲ್ಲಿ ಬಂದು ಕೂತಿತು, ಇಬ್ಬರಿಗೂ ಜಾಗ ಸಾಲದಾಯಿತು.

2010ರಲ್ಲಿ ಬಂದ ‘ವಿಚ್ ಹಂಟ್’ ಎಂಬ ಚಿಕ್ಕ ಅಧ್ಯಾಯದಲ್ಲಿ ಮತ್ತೆ ಸಿಗುತ್ತಾಳೆ. ಮಾಯಾಕನ್ನಡಿಯ ಮುಂದೆ ನಿಂತಿರುತ್ತಾಳೆ. ಅವಳನ್ನು ಹೋಗಲು ಬಿಡಬಹುದು, ಇರಿಯಬಹುದು, ಪ್ರೀತಿಸಿದ್ದವರು ಅವಳ ಜೊತೆಗೇ ಕನ್ನಡಿಯೊಳಗೆ ಹೋಗಬಹುದು. ಗಮನಿಸಿ: ಅವಳು ನಮ್ಮ ಮನೆಗೆ ಬರುವ ಆಯ್ಕೆ ಇಲ್ಲ. ನಾವು ಅವಳ ದಾರಿಗೆ ಹೋಗಬೇಕು.

ಈಗ ನನ್ನ ವಾದಕ್ಕೇ ಅಡ್ಡ ಬರುವ ಮಾತು. ಇದೇ ಸರಣಿಯ 2014ರ ಗೇಮ್ ‘ಇನ್‌ಕ್ವಿಸಿಷನ್’ ಹೊತ್ತಿಗೆ, ಕಥೆಯ ಲೆಕ್ಕದಲ್ಲಿ ಸುಮಾರು ಹತ್ತು ವರ್ಷದ ಮೇಲೆ, ಮಾರಿಗನ್ ಮೆತ್ತಗಾಗಿರುತ್ತಾಳೆ. ಹಿಂದೆ ನಾವು ಆ ದಾರಿ ಹಿಡಿದಿದ್ದರೆ ಅವಳಿಗೆ ಕೀರನ್ ಎಂಬ ಮಗನಿರುತ್ತಾನೆ. ದೇವರ ಆತ್ಮ ಹೊತ್ತ ಆ ಹುಡುಗನನ್ನು ಫ್ಲೆಮೆತ್ ಕರೆಸಿಕೊಂಡಾಗ ಇವಳು ಹಿಂದೆಯೇ ಓಡುತ್ತಾಳೆ. ಬೇಕಿದ್ದರೆ ನನ್ನ ದೇಹ ತಗೋ, ಮಗನನ್ನು ಬಿಡು ಎಂದು ಬೇಡುತ್ತಾಳೆ. ಬದುಕಿ ಉಳಿಯುವುದಷ್ಟೇ ನಿಜ ಎಂದು ಕಲಿತವಳ ಬಾಯಲ್ಲಿ ಈ ಮಾತು. ನನಗೆ ಕಣ್ಣು ತುಂಬಿತು, ಅದರಲ್ಲೇನು ನಾಚಿಕೆ.

ಆದರೆ ಇದು ನಡೆದದ್ದು ನಮ್ಮ ಕಣ್ಣಿನ ಆಚೆ. ಆ ಹತ್ತು ವರ್ಷ ನಾವು ಯಾವ ಬಟನ್ನೂ ಒತ್ತಿಲ್ಲ. ಅವಳು ಒಬ್ಬ ಮಗುವನ್ನು ಸಾಕಿದಳು, ತನ್ನ ಅಮ್ಮನಂಥ ಅಮ್ಮ ಆಗಬಾರದು ಎಂದು ತಾನೇ ತೀರ್ಮಾನಿಸಿದಳು. ಮೊನಚೂ ಪೂರ್ತಿ ಹೋಗಿಲ್ಲ. ಪುರಾತನ ವಿದ್ಯೆಯ ಬಾವಿ ಕಂಡ ಕೂಡಲೇ ಅದನ್ನು ಕುಡಿಯಲು ತಾನೇ ಯೋಗ್ಯಳು ಎಂದು ಮುನ್ನುಗ್ಗುತ್ತಾಳೆ. ಅದೇ ಹಳೆಯ ಆಸೆಬುರುಕಿ.

ಇನ್ನೊಂದು ವಿಷಯ ಗಂಡು ವಾರ್ಡನ್ ಮಾತ್ರ ಆಡಿದವರಿಗೆ ಗೊತ್ತಿರುವುದಿಲ್ಲ. ಹೆಣ್ಣು ವಾರ್ಡನ್ ಆಗಿ ಅವಳ ಸ್ನೇಹ ಗಳಿಸಿದರೂ ಅವಳು ಸಡಿಲಾಗುತ್ತಾಳೆ. ನಿನ್ನ ಸ್ನೇಹಕ್ಕೆ ತಕ್ಕವಳಾಗಿ ನಾನು ಯಾವಾಗಲೂ ನಡೆದುಕೊಳ್ಳದೆ ಇರಬಹುದು, ಆದರೆ ಅದಕ್ಕೆ ಬೆಲೆ ಕೊಡುವುದನ್ನು ಬಿಡುವುದಿಲ್ಲ ಎಂಬ ಅರ್ಥದ ಮಾತಾಡುತ್ತಾಳೆ. ಕಳ್ಳಾಟ ಒಳಗಿಟ್ಟುಕೊಂಡೇ ಹೇಳಿದ ಪ್ರಾಮಾಣಿಕ ಮಾತು ಅದು. ಡೇರೆಯ ದೃಶ್ಯಗಳಿಗಿಂತ ನನಗೆ ಇದೇ ಜಾಸ್ತಿ ತಟ್ಟಿತು.

ಇದಕ್ಕೂ ಹಿಂದಿನ ಹೆಂಗಸು ವಿಕೋನಿಯಾ. 2000ದ ‘ಬಾಲ್ಡರ್ಸ್ ಗೇಟ್ 2’. ಡ್ರೌ ಎಂಬ, ನೆಲದಡಿ ಬದುಕುವ ಎಲ್ಫ್ ಜಾತಿಯ ಪೂಜಾರಿಣಿ. ಜನ ಅವಳನ್ನು ಕಂಬಕ್ಕೆ ಕಟ್ಟಿ ಸುಡಲು ಹೊರಟಾಗ ನಮಗೆ ಸಿಗುತ್ತಾಳೆ. ಸ್ವಭಾವದ ಚೀಟಿಯಲ್ಲಿ ದುಷ್ಟೆ ಎಂದೇ ಬರೆದಿರುತ್ತದೆ. ಅವಳನ್ನು ಪ್ರೀತಿಸಿ, ಸರಿಯಾದ ಮಾತಾಡುತ್ತಾ ಬಂದರೆ ಅದರ ಮುಂದುವರಿಕೆಯಾದ 2001ರ ‘ಥ್ರೋನ್ ಆಫ್ ಬಾಲ್’ನಲ್ಲಿ ಆ ಚೀಟಿ ಬದಲಾಗುತ್ತದೆ. ದುಷ್ಟೆಯಿಂದ ತಟಸ್ಥೆ. ಅಕ್ಷರಶಃ ಒಂದು ಪದ ಅಳಿಸಿ ಇನ್ನೊಂದು ಬರೆದದ್ದು!

ಆದರೆ ಅವಳ ಹಿಂದಿನ ಕಥೆ ನೋಡಿ. ಲಾಲ್ತ್ ಎಂಬ ದೇವತೆಗೆ ಒಂದು ಕೂಸನ್ನು ಬಲಿ ಕೊಡಬೇಕಿತ್ತು. ವಿಕೋನಿಯಾ ಆಗುವುದಿಲ್ಲ ಅಂದಳು. ಅದಕ್ಕೆ ಅವಳ ಮನೆತನವೇ ನಾಶವಾಯಿತು, ಸಹೋದರ ಅರ್ಧ ಜೇಡದ ಪ್ರಾಣಿಯಾದ. ಅಂದರೆ ಅವಳ ಬದುಕಿನ ಅತಿ ದೊಡ್ಡ ಒಳ್ಳೆಯ ಕೆಲಸ ನಮ್ಮ ಹೀರೋ ಕಾಲಿಡುವ ಎಷ್ಟೋ ಮುಂಚೆಯೇ ನಡೆದುಹೋಗಿತ್ತು. ಅದಕ್ಕೆ ಅವಳಿಗೆ ಯಾವ ಪಾಯಿಂಟೂ ಸಿಗಲಿಲ್ಲ. ಪಾಯಿಂಟ್ ಸಿಕ್ಕಿದ್ದು ನಮ್ಮ ಹುಡುಗ ಬಂದು ನಾಲ್ಕು ಮಾತಾಡಿದ ಮೇಲೆ.

2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಅವಳು ಮತ್ತೆ ಬರುತ್ತಾಳೆ, ಶಾರ್ ದೇವತೆಯ ಗುಂಪಿನ ಮುಖ್ಯಸ್ಥೆಯಾಗಿ, ಪಕ್ಕಾ ಖಳನಾಯಕಿಯಾಗಿ. ಹಳೆಯ ಆಟಗಾರರು ಉರಿದುಬಿದ್ದರು. ನನಗೂ ಬೇಸರವಾಯಿತು. ಆದರೆ ಒಂದು ಯೋಚಿಸಿ. ಬದಲಾವಣೆಯನ್ನು ಪೂರ್ತಿ ಒಬ್ಬ ಗಂಡಸಿನ ಕೊರಳಿಗೆ ಕಟ್ಟಿದ್ದರಿಂದಲೇ ಅದನ್ನು ಅಳಿಸುವುದು ಇಷ್ಟು ಸುಲಭವಾಯಿತು. ಅವನು ಕಥೆಯಲ್ಲಿಲ್ಲ ಅಂದರೆ ಅವಳ ಬದಲಾವಣೆಯೂ ಇಲ್ಲ. ಆ ಕೂಸಿನ ಮೇಲೆ ಕಟ್ಟಿದ್ದರೆ ಯಾರಿಗೂ ಕೀಳಲು ಆಗುತ್ತಿರಲಿಲ್ಲ.

ಜ್ಯಾಕ್ ಎಂಬ ಹೆಂಗಸಿನ ವಿಷಯದಲ್ಲಿ ‘ಡ್ರ್ಯಾಗನ್ ಏಜ್’ ಮಾಡಿದ ಬಯೋವೇರ್ ಕಂಪನಿಯವರು ಇದನ್ನು ಸರಿಯಾಗಿ ಮಾಡಿದರು. ‘ಮಾಸ್ ಎಫೆಕ್ಟ್ 2’, 2010. ಬೋಳುತಲೆ, ಮೈತುಂಬ ಹಚ್ಚೆ, ಬಾಯಿ ತೆರೆದರೆ ಬೈಗುಳ. ಜೈಲುಹಡಗಿನಿಂದ ಬಿಡಿಸಿಕೊಂಡು ಬರುತ್ತೇವೆ. ಚಿಕ್ಕ ಹುಡುಗಿಯಿದ್ದಾಗಲೇ ಸೆರ್ಬೆರಸ್ ಸಂಸ್ಥೆ ಅವಳ ಮೇಲೆ ಪ್ರಯೋಗ ಮಾಡಿತ್ತು. ಆ ಜಾಗವನ್ನು ಬಾಂಬಿಟ್ಟು ಉಡಾಯಿಸಬೇಕು ಎಂಬುದು ಅವಳ ಆಸೆ. ಪ್ರೇಗಿಯಾ ಗ್ರಹಕ್ಕೆ ಕರೆದುಕೊಂಡು ಹೋದರೆ ಒಂದು ಗಾಜಿನ ಮುಂದೆ ನಿಲ್ಲುತ್ತಾಳೆ. ಅದು ಒಂದೇ ಕಡೆಯಿಂದ ಕಾಣುವ ಗಾಜು. ತನ್ನ ಕೋಣೆಯಿಂದ ಬೇರೆ ಮಕ್ಕಳನ್ನು ನೋಡುತ್ತಿದ್ದಳು. ಗಂಟೆಗಟ್ಟಲೆ ಕಿರುಚಿ ಕರೆಯುತ್ತಿದ್ದಳು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವರಿಗೆ ಇವಳು ಕಾಣಿಸುತ್ತಲೇ ಇರಲಿಲ್ಲ. ಇನ್ನೂ ಮುಂದೆ ಹೋದರೆ ಗೊತ್ತಾಗುವುದು, ಆ ಮಕ್ಕಳ ಪಾಡು ಇವಳಿಗಿಂತ ಕಡೆ. ಇವಳ ಮೇಲೆ ಮಾಡುವ ಮುಂಚೆ ಪ್ರಯೋಗವನ್ನು ಅವರ ಮೇಲೆ ಮಾಡಿ ನೋಡುತ್ತಿದ್ದರು. ಇಷ್ಟು ವರ್ಷ ಅವಳನ್ನು ನಡೆಸಿದ್ದು ‘ನನಗೊಬ್ಬಳಿಗೇ ಹೀಗಾಯಿತು’ ಎಂಬ ಸಿಟ್ಟು. ಅದರ ಬುಡವೇ ಅಲ್ಲಾಡುತ್ತದೆ.

ರೊಮ್ಯಾನ್ಸ್ ಕೂಡ ಇದೆ. ಆತುರಪಟ್ಟು ಮೊದಲೇ ಅವಳ ಜೊತೆ ಮಲಗಿದರೆ ನಿಜವಾದ ಪ್ರೀತಿಯ ದಾರಿ ಮುಚ್ಚಿಹೋಗುತ್ತದೆ. ಕಾದವರಿಗೆ ಸಿಗುವುದು ಕೊನೆಯ ಕಾರ್ಯಾಚರಣೆಗೆ ಮುಂಚೆ ಅವಳು ಅಳುವ ಒಂದು ದೃಶ್ಯ. ಚೆನ್ನಾಗಿದೆ. ಆದರೆ ಕಾದದ್ದಕ್ಕೆ ಬಹುಮಾನವಾಗಿ ಕಣ್ಣೀರು ಕೊಟ್ಟರಲ್ಲ, ಅದು ನನಗೆ ಸ್ವಲ್ಪ ಚುಚ್ಚಿತು.

2012ರ ‘ಮಾಸ್ ಎಫೆಕ್ಟ್ 3’ರಲ್ಲಿ ನೋಡಿದರೆ ಜ್ಯಾಕ್ ಟೀಚರ್! ಗ್ರಿಸಮ್ ಅಕಾಡೆಮಿಯಲ್ಲಿ ಬಯೋಟಿಕ್ ಎಂಬ ಅಸಾಮಾನ್ಯ ಶಕ್ತಿಯ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತಿದ್ದಾಳೆ. ಕೂದಲು ಬೆಳೆಸಿ ಜುಟ್ಟು ಕಟ್ಟಿದ್ದಾಳೆ. ಬೈಗುಳ ನಾಲಿಗೆ ತುದಿಗೆ ಬಂದರೆ ತಡೆದುಕೊಳ್ಳಲು ಒದ್ದಾಡುತ್ತಾಳೆ. ಮಕ್ಕಳ ಮೈಮೇಲೆ ಕೈಹಾಕಲು ಬಂದವರನ್ನು ಮಾತ್ರ ಸೀಳಿಹಾಕುತ್ತಾಳೆ. ಅವಳನ್ನು ನೀವು ಪ್ರೀತಿಸಿದ್ದರೂ ಹೀಗೇ, ಪ್ರೀತಿಸದಿದ್ದರೂ ಹೀಗೇ. ಮಕ್ಕಳ ಮೇಲೆ ಪ್ರಯೋಗ ನಡೆದ ಜಾಗದಲ್ಲಿ ಬೆಳೆದವಳು ಮಕ್ಕಳನ್ನು ಕಾಯುವ ಕೆಲಸ ಹುಡುಕಿಕೊಂಡಳು. ಇದರಲ್ಲಿ ನನ್ನ ಶೆಪರ್ಡ್‌ನ, ಅಂದರೆ ಆ ಗೇಮ್‌ನಲ್ಲಿ ನಾನು ಆಡಿದ ಪಾತ್ರದ, ಪಾಲು ಎಷ್ಟು ಅಂತ ಅಳೆಯಲು ಪಟ್ಟಿ ಇಲ್ಲ. ಇಲ್ಲದಿದ್ದರೇ ಒಳ್ಳೆಯದು.

‘ಬಾಲ್ಡರ್ಸ್ ಗೇಟ್ 3’ರವರು ಈ ಪಾಠ ಕಲಿತಿದ್ದಾರೆ ಅನಿಸುತ್ತದೆ. ಅದರಲ್ಲಿ ನಮ್ಮ ಸಂಗಾತಿಯಾಗುವ ಯೋಧೆ ಲೇಜೆಲ್‌ಳ ನಂಬಿಕೆ ಮುರಿಯುವುದು ಮುತ್ತಿನಿಂದಲ್ಲ. ಅವಳು ದೇವರಂತೆ ಪೂಜಿಸುತ್ತಿದ್ದ ರಾಣಿ ವ್ಲಾಕಿತ್ ಮಾಡಿದ ಮೋಸದಿಂದ. ಪ್ರೀತಿ ಹುಟ್ಟಿದೆ ಎಂದು ಗೊತ್ತಾದಾಗ ಅವಳು ಮಾಡುವ ಕೆಲಸ ನಮ್ಮನ್ನು ಕತ್ತಿಕಾಳಗಕ್ಕೆ ಕರೆಯುವುದು. ಆಹಾ. ಇನ್ನೊಬ್ಬ ಸಂಗಾತಿ, ಶಾರ್ ದೇವತೆಯ ಭಕ್ತೆ ಶ್ಯಾಡೋಹಾರ್ಟ್ ಕಥೆಯಲ್ಲೂ ದೊಡ್ಡ ತಿರುವು ರೊಮ್ಯಾನ್ಸ್ ಇಲ್ಲದೆಯೇ ನಡೆಯುತ್ತದೆ. ಸೆರೆಯಲ್ಲಿರುವ ನೈಟ್‌ಸಾಂಗ್ ಎಂಬವಳನ್ನು ಈಟಿಯಿಂದ ಕೊಂದರೆ ಶಾರ್‌ನ ಯೋಧೆಯಾಗುವ ಅವಳ ಕನಸು ನನಸು. ಆ ಹೊತ್ತಿಗೆ ನಮ್ಮ ಮೇಲೆ ಸಾಕಷ್ಟು ವಿಶ್ವಾಸ ಬೆಳೆದಿದ್ದರೆ, ನಿರ್ಧಾರ ನಿನ್ನದು ಎಂದು ನಾವು ಸುಮ್ಮನೆ ಬಿಟ್ಟರೂ ಸಾಕು, ಈಟಿಯನ್ನು ಅವಳೇ ಎಸೆದುಬಿಡುತ್ತಾಳೆ. ಅಲ್ಲಿ ಒತ್ತಾಯದ ಮಾತು ಬಳಸದೆ ಸುಮ್ಮನಿರುವುದು ಆಟಗಾರರಿಗೆ ತುಂಬಾ ಕಷ್ಟ. ನನಗಂತೂ ಕೈ ತುರಿಸುತ್ತಿತ್ತು.

ಇದು ಗಂಡು ಆಟಗಾರರ ಚಾಳಿ ಮಾತ್ರ ಅಂತ ಯಾರೂ ತಿಳಿಯಬೇಡಿ. ‘ಇವನನ್ನು ನಾನು ಸರಿಮಾಡ್ತೀನಿ’ ಎಂದು ‘ಇನ್‌ಕ್ವಿಸಿಷನ್’ನ ಸಂಗಾತಿ ಸೋಲಸ್ ಹಿಂದೆ ಬಿದ್ದ ಹೆಣ್ಣುಮಕ್ಕಳ ಸಾಲು ದೊಡ್ಡದು, ಅದರಲ್ಲಿ ನಾನೂ ನಿಂತಿದ್ದೆ. ಅದರ ಮುಂದಿನ ಅಧ್ಯಾಯವಾದ 2015ರ ‘ಟ್ರೆಸ್‌ಪಾಸರ್’ನಲ್ಲಿ ಅವನು ನಮ್ಮನ್ನು ಪ್ರೀತಿಸುತ್ತಲೇ ಲೋಕ ಕೆಡವುವ ತನ್ನ ಯೋಜನೆಗೆ ಹೊರಟ. ಕುತೂಹಲ ಏನೆಂದರೆ, ಅವನು ಬದಲಾಗದಿದ್ದಾಗ ಜನ ದುರಂತ ನಾಯಕ ಅಂದರು. ಮಾರಿಗನ್ ಬದಲಾಗದಿದ್ದಾಗ ಮೋಸಗಾತಿ ಅಂದರು.

ಹಾಗಾದರೆ ಇಂಥ ನಾಯಕಿಗೆ ಪ್ರೀತಿಯೇ ಬೇಡವಾ? ಬೇಕು. ಕಥೆಗಾರರ ಹತ್ತಿರ ನಾನು ಕೇಳುವುದು ಇಷ್ಟೇ: ಪ್ರೀತಿಯಿಂದ ಅವಳಿಗೆ ಏನಾದರೂ ಕಷ್ಟ ಆಗಲಿ. ನನಗೂ ಆಗಲಿ. ಅವಳು ಹತ್ತಿರದವಳಾದ ಮೇಲೂ ನನಗೆ ಒಪ್ಪಿಗೆಯಾಗದ ಕೆಲಸ ಮಾಡಲಿ, ನಾನು ಅದನ್ನು ಎದುರಿಗೆ ನಿಂತು ನೋಡಬೇಕಾಗಿ ಬರಲಿ.

ಇದನ್ನು ಮಾಟಗಾತಿ ಯೆನ್ನೆಫರ್‌ಗಿಂತ ಚೆನ್ನಾಗಿ ಮಾಡಿದವರಿಲ್ಲ. ‘ದಿ ವಿಚರ್ 3’, 2015. ಸಿರಿ ಎಲ್ಲಿದ್ದಾಳೆ ಎಂದು ತಿಳಿಯಲು ಅವಳು ಸ್ಕ್ಯಾಲ್ ಎಂಬ ಹುಡುಗನ ಹೆಣವನ್ನು ಮಾಟದಿಂದ ಎಬ್ಬಿಸಿ ಮಾತಾಡಿಸುತ್ತಾಳೆ. ಅದೂ ಫ್ರೇಯಾ ದೇವಿಯ ಪವಿತ್ರ ತೋಟದಲ್ಲಿ. ಆ ಮಾಟಕ್ಕೆ ತೋಟದ ಶಕ್ತಿಯೆಲ್ಲ ಹೀರಿಹೋಗುತ್ತದೆ. ಪೂಜಾರಿಣಿಯರು ಕೂಗಾಡುತ್ತಾರೆ. ಹೆಣ ನರಳುತ್ತದೆ. ನೋಡಲು ಹಿಂಸೆ. ನಾವು ಆಡುವ ನಾಯಕ ಗೆರಾಲ್ಟ್ ಮುಖ ಗಂಟಿಕ್ಕಿದರೂ ಅವಳು ನಿಲ್ಲಿಸುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಸಿರಿ ಅವಳಿಗೆ ಮಗಳಿದ್ದ ಹಾಗೆ, ಬೇರೆ ಯಾವ ಲೆಕ್ಕವೂ ಬೇಡ. ಅವಳ ಕ್ರೌರ್ಯ ಹುಟ್ಟಿದ್ದೇ ಅವಳ ಪ್ರೀತಿಯಿಂದ. ಇಲ್ಲಿ ಯಾವುದನ್ನು ಮೆತ್ತಗೆ ಮಾಡುತ್ತೀರಿ?

ಅದೇ ಯೆನ್ನೆಫರ್ ಇನ್ನೊಂದು ಕಡೆ ತನ್ನ ಪ್ರೀತಿಯನ್ನೇ ಪರೀಕ್ಷೆಗೆ ಇಡುತ್ತಾಳೆ. ಗೆರಾಲ್ಟ್ ಹಿಂದೆ ಜಿನ್ ಒಂದರ ಹತ್ತಿರ ಬೇಡಿಕೊಂಡ ವರದಿಂದ ಇಬ್ಬರ ಹಣೆಬರಹ ಒಂದಕ್ಕೊಂದು ಗಂಟುಬಿದ್ದಿದೆ. ತಾನು ಇವನನ್ನು ಪ್ರೀತಿಸುತ್ತಿರುವುದು ನಿಜವಾ, ಅಥವಾ ಬರೀ ಮಾಟವಾ? ಅವಳಿಗೆ ಗೊತ್ತಾಗಲೇಬೇಕು. ಇನ್ನೊಂದು ಜಿನ್ ಹಿಡಿದು ಆ ಗಂಟು ಬಿಚ್ಚಿಸುತ್ತಾಳೆ. ಹಾಳುಹಡಗೊಂದು ಬೆಟ್ಟದ ತುದಿಗೆ ಬಂದು ಬಿದ್ದಿರುತ್ತದೆ, ಇಬ್ಬರೂ ಅದರ ಮೇಲೆ. ಏನಾದರೂ ಬೇರೆ ಅನಿಸುತ್ತಿದೆಯಾ ಎಂದು ಕೇಳುತ್ತಾಳೆ. ಇಲ್ಲಿ ಪ್ರೀತಿ ಉಳಿಯಿತು ಅಂದರೂ ಅವಳು ಹುಕುಂ ಮಾಡುವುದನ್ನು ಬಿಡುವುದಿಲ್ಲ. ಮಾರನೆ ದಿನವೂ ಅದೇ ದನಿ, ಅದೇ ಗತ್ತು.

ಇದೇ ಗೇಮ್‌ನಲ್ಲಿ ಟ್ರಿಸ್ ಕೂಡ ಇದ್ದಾಳೆ. ಮೆತ್ತಗಿನವಳು, ನಗುಮುಖದವಳು, ಜೊತೆಗಿದ್ದರೆ ಹಾಯೆನಿಸುವವಳು. ಇಬ್ಬರೂ ಇರಲಿ ಎಂದು ಜಾಣತನ ಮಾಡಿದವರನ್ನು ಈ ಇಬ್ಬರೂ ಸೇರಿ ಮಂಚಕ್ಕೆ ಕಟ್ಟಿಹಾಕಿ ಹೊರಟು ಹೋಗುತ್ತಾರೆ, ಆ ಭಾಗ ಬೇಕಿದ್ದರೆ ನಗುವುದಕ್ಕಾಗಿಯೇ ಒಮ್ಮೆ ಆಡಿ ನೋಡಿ. ನಾನು ಪ್ರತಿ ಸಲವೂ ಯೆನ್ನೆಫರ್ ಪಕ್ಷ. ಟ್ರಿಸ್ ಕಡೆಯವರು ಕಾಮೆಂಟಿನಲ್ಲಿ ಬಂದು ಬೈಯಬಹುದು, ಉತ್ತರ ಕೊಡಲು ನಾನು ರೆಡಿ.